ಮೂವತ್ತೆಂಟನೆಯ ಸಾಲಿನಲ್ಲಿ ನಿಂತ ತೂಬು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಬಣ್ಣಗಾರರ ಓಣಿಯ ಹಾಲವ್ವನವರು. ಕೆರೆಯ ತೂಬಿಗೆ ಕಬ್ಬಿಣದ ಚಕ್ರ ಕೂಡಿಸಿದ ನಾಲ್ಕನೆಯ ವರ್ಷ, ಮಾಘ ಮಾಸದ ಒಂದು ಮಧ್ಯಾಹ್ನ, ಅವರ ಮನೆಯ ಹಿತ್ತಲಿನಲ್ಲಿ ಕೇಳಿದೆ. ಹಗ್ಗದ ಮೇಲೆ ಒಣಗಿದ್ದ ಸೀರೆಗಳನ್ನು ಇಬ್ಬಿಬ್ಬರಾಗಿ ಹಿಡಿದು ಮಡಚುತ್ತಿದ್ದ ಓಣಿಯ ಆರು ಹೆಂಗಸರೂ ನನ್ನೊಡನೆ ಕೇಳುಗರಾಗಿದ್ದರು. ಹಾಲವ್ವನವರಿಗೆ ಆಗ ಎಪ್ಪತ್ತಾರು ವರ್ಷ. ಇದೇ ಕಥೆಯನ್ನು ಆಮೇಲೆ ಇನ್ನೂ ಮೂವರ ಬಾಯಿಂದ ಬರೆದುಕೊಂಡಿದ್ದೇನೆ. ಪಾಠಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಹೊಂದದ ಕಡೆ ಹಾಲವ್ವನವರ ಮಾತನ್ನೇ ಉಳಿಸಿಕೊಂಡಿದ್ದೇನೆ. ಕಥೆಯ ಗುರುಪಾದಪ್ಪ ಅವರ ಗಂಡನ ತಂದೆ. ಉಳಿದ ಮೂವರು ಕೇಳಿ ತಿಳಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಆ ಕಾಲಕ್ಕೆ ಆ ಊರಿನಲ್ಲಿ ಕಲ್ಲು, ಮರ, ಕಂಚುಗಳಿಂದ ಮಾಡಿದ ದೊಡ್ಡ ವಸ್ತುಗಳೆಲ್ಲ ಬರಹದ ಮಾತು ಕೇಳುತ್ತಿದ್ದವು. ಹುಣಸೆಬೀಜದ ಅಂಟು ಮತ್ತು ಇದ್ದಿಲು ಮೆತ್ತಿ ಕಪ್ಪಗೆ ಮಾಡಿದ ಬಟ್ಟೆಯ ಮಡಿಕೆ ಪುಸ್ತಕಕ್ಕೆ ಕಡತ ಎನ್ನುತ್ತಾರಲ್ಲ, ಅದರ ಮೇಲೆ ಬಳಪದಿಂದ ಒಂದರ ಕೆಳಗೊಂದು ಸಾಲು ಬರೆದು ವಸ್ತುವಿನ ಎದುರು ತೂಗುಹಾಕಿದರೆ ಸಾಕು. ಬೀಸುವ ಕಲ್ಲು ಬೀಸುತ್ತಿತ್ತು, ಚಾವಡಿಯ ಗಂಟೆ ತಾನೇ ಬಾರಿಸಿಕೊಳ್ಳುತ್ತಿತ್ತು, ಬೀದಿಯ ದೀಪ ಹೊತ್ತಿಕೊಳ್ಳುತ್ತಿತ್ತು. ಮೇಲಿನಿಂದ ಕೆಳಗೆ, ಒಂದು ಸಾಲು ಮುಗಿದ ಮೇಲೆ ಇನ್ನೊಂದು. ಬರೆದದ್ದನ್ನು ಮಾತ್ರ, ಬರೆದಷ್ಟನ್ನು ಮಾತ್ರ. ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದು ವಸ್ತುಗಳಿಗೆ ಸಂಬಂಧಪಟ್ಟ ವಿಷಯವಾಗಿರಲಿಲ್ಲ. ಮಾಳವ್ವ ಎಂಬವಳು ಒಮ್ಮೆ “ಸಾಕಾಗುವ ತನಕ ಬೀಸು” ಎಂದು ಬರೆದು ಹೊಳೆಗೆ ಹೋದಳಂತೆ. ಸಾಕು ಎಂದರೆ ಎಷ್ಟು ಎಂದು ಬರೆದಿರಲಿಲ್ಲ. ಕಲ್ಲು ಜೋಳ ಮುಗಿದ ಮೇಲೂ ತಿರುಗಿ, ತನ್ನನ್ನು ತಾನೇ ಬೀಸಿಕೊಂಡು, ಸಂಜೆಗೆ ಹಪ್ಪಳದಷ್ಟು ತೆಳ್ಳಗಾಗಿತ್ತು.

ಜನ ಇದಕ್ಕೆ ಹೊಂದಿಕೊಂಡಿದ್ದರು. ಮಳೆ ಬಂದರೆ ಮಾತ್ರ ಮಾಡಬೇಕಾದ ಕೆಲಸದ ಸಾಲುಗಳನ್ನು ಒಂದು ಬೆರಳಿನಷ್ಟು ಒಳಗೆ ಸರಿಸಿ ಬರೆಯಬೇಕೆಂದು ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಸರಿಸಲು ಮರೆತವರ ಮಾಳಿಗೆಯ ಬೆಳಕಿಂಡಿ ಸುಡುಬಿಸಿಲಿನಲ್ಲೂ ಮುಚ್ಚಿಕೊಂಡು ಕೂರುತ್ತಿತ್ತು. ಮನೆಗಳನ್ನೋ ಕೊಡಗಳನ್ನೋ ಎಣಿಸುವಾಗ ವಸ್ತುಗಳು ಒಂದರಿಂದಲ್ಲ, ಸೊನ್ನೆಯಿಂದ ಶುರು ಮಾಡುತ್ತಿದ್ದವು. ಅವುಗಳೊಡನೆ ಬಾಳಿ ಬಾಳಿ ಜನರೂ ಹಾಗೆಯೇ ಎಣಿಸತೊಡಗಿದ್ದರು. ಮನೆಯ ಹಿರಿಮಗ ಸೊನ್ನೆಯವ, ಅವನ ತಮ್ಮ ಒಂದನೆಯವ. “ನಮ್ಮ ಮನಿಯವರೂ ಸೊನ್ನೇದವರ” ಎಂದು ಹಾಲವ್ವ ನಡುವೆ ಹೇಳಿ, ಹೆಂಗಸರ ನಗು ಮುಗಿಯುವ ತನಕ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತ ಕಾದರು.

ಮಾಡಲಾಗದ ಸಾಲು ಎದುರಾದರೆ ವಸ್ತು ಅಲ್ಲಿಯೇ ನಿಂತು ಗಟ್ಟಿಯಾಗಿ ಹೇಳುತ್ತಿತ್ತು: ಇದು ಯಾರ ಕಡತ, ಎಷ್ಟನೆಯ ಸಾಲಿನಲ್ಲಿ ನಿಂತಿದ್ದೇನೆ, ತೊಡಕು ಏನು. ಇದಕ್ಕೆ ಊರಿನವರು ತಕರಾರು ಎನ್ನುತ್ತಿದ್ದರು. ತಕರಾರು ಕೇಳಿದ ಕೂಡಲೇ ಜನ ಕರೆತರುತ್ತಿದ್ದದ್ದು ತಿದ್ದುವ ತಂಗವ್ವನನ್ನು. ಐವತ್ತರ ಆಸುಪಾಸಿನ ಈ ಹೆಂಗಸಿನ ರೀತಿಯನ್ನು ಹಾಲವ್ವನವರು ನನಗೆ ಎರಡೆರಡು ಸಲ ವಿವರಿಸಿದರು, ನಾನು ತಪ್ಪಾಗಿ ಬರೆದುಕೊಂಡೇನೆಂಬ ಅನುಮಾನದಿಂದ. ತಂಗವ್ವ ತಕರಾರಿನ ಕೊನೆಯ ಮಾತನ್ನು ಮೊದಲು ಕೇಳುತ್ತಿದ್ದಳು; ತೊಡಕು ಅಲ್ಲಿರುತ್ತಿತ್ತು. ಒಂದು ಸಲಕ್ಕೆ ಒಂದೇ ಸಾಲನ್ನು ತಿದ್ದಿಸುತ್ತಿದ್ದಳು. ಎರಡನ್ನು ಮುಟ್ಟಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು ಎನ್ನುತ್ತಿದ್ದಳು. ತೊಡಕು ಆಗಲೂ ಬಿಡದಿದ್ದರೆ ಒಂದು ಹಿತ್ತಾಳೆಯ ತಂಬಿಗೆಯನ್ನು ಎದುರಿಗಿಟ್ಟುಕೊಂಡು, ಏನೂ ತಿಳಿಯದ ನೆಂಟರಿಗೆ ಹೇಳುವಂತೆ, ಪ್ರತಿ ಸಾಲಿನ ಅರ್ಥವನ್ನು ಅದಕ್ಕೆ ಬಿಡಿಸಿ ಹೇಳುತ್ತಿದ್ದಳು. ಮುಕ್ಕಾಲು ಪಾಲು ತಪ್ಪುಗಳು ತಂಬಿಗೆಗೆ ಹೇಳುವಾಗಲೇ ಸಿಕ್ಕುತ್ತಿದ್ದವು.

ಊರಿನ ಸಾಮಾನ್ಯ ವಸ್ತುಗಳಿಗೆ ಬರೆಯುವವರು ಹದಿನಾಲ್ಕು ಜನ. ಅವರನ್ನು ಬಳಪದವರು ಎನ್ನುತ್ತಿದ್ದರು. ಅವರ ವಿಷಯದಲ್ಲಿ ಚಾವಡಿಯ ಕಟ್ಟಳೆ ಎರಡು: ಬರೆದವನ ಹೊರತು ಇನ್ನೊಬ್ಬರು ಅವನ ಸಾಲನ್ನು ಅಳಿಸಕೂಡದು, ಒಂದೇ ವರ್ಷದಲ್ಲಿ ಮೂರು ಸಲ ತನ್ನ ಹೆಸರಿನಲ್ಲಿ ತಕರಾರು ಬಂದವನು ಬಳಪವನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಗುರುಪಾದಪ್ಪ ಕೆರೆಯ ತೂಬಿಗೆ ಬರೆಯುವವನು. ಮೂವತ್ತು ವರ್ಷ ಅವನ ಹೆಸರು ತೂಬಿನ ಬಾಯಲ್ಲಿ ಬಂದಿರಲಿಲ್ಲ. ಬೆಳಿಗ್ಗೆ ಅವನು ಬೀದಿಯಲ್ಲಿ ನಡೆದರೆ ಬಣ್ಣಗಾರರು ಕಟ್ಟೆಯಿಂದ ಏಳುತ್ತಿದ್ದರು. ಅವನ ಬಲಗೈಯ ಬೆರಳುಗಳ ಗೆರೆಗಳಲ್ಲಿ ಬಳಪದ ಬಿಳುಪು ಕೂತು, ಎಷ್ಟು ತೊಳೆದರೂ ಹೋಗದಂತಾಗಿತ್ತು. ಬಳಪ ಹೋದರೆ ತಾನು ಯಾರೆಂದು ಅವನಿಗೆ ಹೇಳಲು ಬರುತ್ತಿರಲಿಲ್ಲ ಎಂದು ಹಾಲವ್ವ ಹೇಳಿದರು.

ಹಾಲವ್ವ ಸೊಸೆಯಾಗಿ ಬಂದ ವರ್ಷವೇ ಎರಡು ತಕರಾರು ಬಂದವು. ಮೊದಲನೆಯದು, ಓಣಿಗೆ ಹೊಸದಾಗಿ ತೋಡಿದ ಕಾಲುವೆಯದು. ಅದು ಎಲ್ಲಿದೆ ಎಂಬುದನ್ನು ಗುರುಪಾದಪ್ಪ ಒಂಬತ್ತನೆಯ ಸಾಲಿನಲ್ಲಿ ಬರೆದು, ಅದಕ್ಕೆ ನೀರು ಬಿಡು ಎಂದು ನಾಲ್ಕನೆಯ ಸಾಲಿನಲ್ಲೇ ಹೇಳಿಬಿಟ್ಟಿದ್ದ. ಆ ಕಾಲುವೆ ಊರಿನ ಎಮ್ಮೆಗಳಿಗೂ ಗೊತ್ತಿತ್ತು. ತೂಬಿಗೆ ಮಾತ್ರ ಇನ್ನೂ ಹೇಳಿರಲಿಲ್ಲ. “ನಾಲ್ಕನೆಯ ಸಾಲಿನಲ್ಲಿ ನಿಂತಿದ್ದೇನೆ. ಹೊಸ ಕಾಲುವೆ ಎಂದರೆ ಯಾವುದೆಂದು ಅರಿಯೆ” ಎಂದಿತು ತೂಬು. ಎರಡನೆಯದು ಇನ್ನೂ ವಿಚಿತ್ರ. ಆ ದಿನ ಕೆಲಸ ನಡೆಸುತ್ತಿರುವ ಮನೆಗಳ ನಡುವೆ ನೀರನ್ನು ಸಮನಾಗಿ ಹಂಚು ಎಂಬುದು ಒಂದು ಸಾಲು. ಆ ವರ್ಷದ ಹಬ್ಬಕ್ಕೆ ಓಣಿಯ ಯಾವ ಮನೆಯಲ್ಲೂ ಒಲೆಗೆ ಬಣ್ಣದ ಹಂಡೆ ಏರಲಿಲ್ಲ. “ಯಾರೂ ಇಲ್ಲದವರ ನಡುವೆ ಪಾಲು ಮಾಡುವುದು ನನ್ನಿಂದಾಗದು” ಎಂದು ತೂಬು ಹಬ್ಬದ ದಿನ ಮೂರು ಓಣಿಗೆ ಕೇಳುವಂತೆ ಹೇಳಿತು. ಗಂಟೆಗೆ ಬರೆಯುತ್ತಿದ್ದ ಈರಸಂಗಪ್ಪ ಹೋಳಿಗೆ ತಿನ್ನುತ್ತಲೇ ಕಟ್ಟೆಗೆ ಬಂದು, “ಗುರುಪಾದಪ್ಪ, ನಿಮ್ಮ ಹೆಸರು ತೂಬಿಗಿ ಬಾಯಿಪಾಠ ಆಗೇತಿ ನೋಡ್ರಿ” ಎಂದ.

ಗುರುಪಾದಪ್ಪ ನಗಲಿಲ್ಲ. ಮೂರನೆಯ ಬೆಳಿಗ್ಗೆ ಕೆರೆಗೆ ಹೋಗಿ, ಕಡತದ ಎಲ್ಲ ಸಾಲುಗಳಿಗಿಂತ ಮೇಲೆ ಒಂದು ಸಾಲು ಸೇರಿಸಿದ: “ಏನೇ ಸಿಗದಿದ್ದರೂ, ಏನೇ ಆಗದಿದ್ದರೂ ಬಾಯಿ ತೆರೆಯಬೇಡ.” ಇದನ್ನು ಬೇಡವೆನ್ನುವ ಕಟ್ಟಳೆ ಇರಲಿಲ್ಲ. ಅಂಥ ಸಾಲನ್ನು ಯಾರಾದರೂ ಬರೆದಾರು ಎಂದು ಕಟ್ಟಳೆ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ.

ಒಂದು ತಿಂಗಳೊಳಗೆ ಉಳಿದ ಹದಿಮೂರು ಬಳಪದವರೂ ಆ ಸಾಲನ್ನು ತಮ್ಮ ಕಡತಗಳ ನೆತ್ತಿಗೆ ಬರೆದುಕೊಂಡರು. ನಗಾಡಿದ ಈರಸಂಗಪ್ಪನೇ ಮೊದಲಿಗ. ಊರು ತಣ್ಣಗಾಯಿತು. ಬೆಳಿಗ್ಗೆ ಬಾಣಂತಿಯರು ನಿದ್ದೆ ಮಾಡುತ್ತಿದ್ದರು. ಇಷ್ಟು ದಿನ ಯಾಕೆ ಆ ಗಲಾಟೆ ಸಹಿಸಿಕೊಂಡೆವೋ ಎಂದು ಜನ ಆಡಿಕೊಂಡರು. ತಂಗವ್ವನ ಮನೆಗೆ ಹೋಗುವವರಿಲ್ಲದೆ ಅವಳು ಹಪ್ಪಳ ಒತ್ತಿ ಮಾರತೊಡಗಿದಳು. ಹಪ್ಪಳ ಕೊಳ್ಳಲು ಬಂದ ಯಾರೋ, ಊರಿನ ತಪ್ಪೆಲ್ಲ ಹೋಯಿತಲ್ಲ ಎಂದಾಗ ಅವಳು ಹೇಳಿದ ಮಾತನ್ನು ನಾಲ್ಕು ಪಾಠಗಳೂ ಒಂದೇ ರೀತಿ ಕೊಡುತ್ತವೆ: “ನೋವು ಹೋಗಿಲ್ರಿ, ನರಳೂದು ಹೋಗೇತಿ.”

ಕಾಲುವೆಯ ಕಟ್ಟಕಡೆಯ ಮನೆ ಬಾಳವ್ವ ಎಂಬ ಮುದುಕಿಯದು. ಅವಳ ಕೈಕಾಲು ಬಿದ್ದು, ಫಾಲ್ಗುಣದಲ್ಲಿ ಅವಳನ್ನು ತಂಗಿಯ ಊರಿಗೆ ಕರೆದುಕೊಂಡು ಹೋದರು. ಅವಳ ಬಣ್ಣದ ತೊಟ್ಟಿಯ ಕಲ್ಲುಗಳನ್ನು ಕಿತ್ತು ಪಕ್ಕದವರು ದನದ ಕೊಟ್ಟಿಗೆಗೆ ಗೋಡೆ ಹಾಕಿಕೊಂಡರು. ಇದಾದ ಮರುದಿನ ಬೆಳಿಗ್ಗೆ ಎಂದಿನಂತೆ ತೂಬು ತೆರೆಯಿತು, ಎಂದಿನಂತೆ ತೊಟ್ಟಿಗಳು ತುಂಬಿದವು. ಆದರೆ ಹೊತ್ತೇರಿದರೂ ತೂಬು ಮುಚ್ಚಲಿಲ್ಲ. ಮಧ್ಯಾಹ್ನವೂ ಮುಚ್ಚಲಿಲ್ಲ. ಮನೆ ಬಾಗಿಲಲ್ಲಿ ದಿನವಿಡೀ ನೀರು ಹರಿಯುವುದನ್ನು ಓಣಿ ಎಂದೂ ಕಂಡಿರಲಿಲ್ಲ. ಹೆಂಗಸರು ಪೆಟ್ಟಿಗೆಯ ತಳದ ಕೌದಿಗಳನ್ನೆಲ್ಲ ತೆಗೆದು ಒಗೆದರು, ಮಕ್ಕಳು ಎಲೆಯ ದೋಣಿ ಬಿಟ್ಟರು. ಗುರುಪಾದಪ್ಪ ಈ ಸಲ ಧಾರಾಳವಾಗಿ ಬರೆದಿದ್ದಾನೆ ಎಂದು ಹೊಗಳಿದರು. ಅವನು ತಾನು ಹಾಗೆ ಬರೆದಿಲ್ಲವೆಂದು ಹೇಳಲಿಲ್ಲ. ಮೊದಲ ಎರಡು ದಿನ ಆ ಹೊಗಳಿಕೆಯನ್ನು ತಲೆಬಾಗಿ ತೆಗೆದುಕೊಂಡ. “ಅದೊಂದು ನಾ ಮರೀಲಾರೆ,” ಎಂದರು ಹಾಲವ್ವ. “ಊಟಕ್ಕ ಕುಂತಾಗ ಅವರ ಮುಖದಾಗ ಅಂಜಿಕಿ ಇತ್ತು. ಓಣ್ಯಾಗ ಹೊಂಟಾಗ ಇರಲಿಲ್ಲ.”

ಮೂರನೆಯ ದಿನದಿಂದ ಅವನು ಕಡತದ ಮುಂದೆ ಕೂತ. ಅದು ಮೂವತ್ತು ವರ್ಷಗಳಲ್ಲಿ ಸಾಲಿಗೆ ಸಾಲು ಸೇರಿ ನೂರ ಹನ್ನೆರಡು ಸಾಲುಗಳಷ್ಟು ಬೆಳೆದಿತ್ತು. ಎಷ್ಟೋ ಸಾಲುಗಳನ್ನು ಯಾಕೆ ಬರೆದೆನೆಂಬುದು ಅವನಿಗೇ ಮರೆತಿತ್ತು. ಒಂದೊಂದು ಮನೆಯ ನೀರಿನ ಹಕ್ಕು ಅದರಲ್ಲೇ ಇದ್ದುದರಿಂದ ಪೂರ್ತಿ ಅಳಿಸುವಂತಿರಲಿಲ್ಲ. ಕೊನೆಯಲ್ಲಿ “ಈಗ ಮುಚ್ಚು” ಎಂದು ಬರೆದ, ತೂಬು ಕದಲಲಿಲ್ಲ. ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ “ಮುಚ್ಚಲೇಬೇಕು” ಎಂದು ಬರೆದ. ತೂಬು ಅಲ್ಲಿಯ ತನಕ ಬಂದೇ ಇಲ್ಲ ಎಂಬುದನ್ನು ಅವನಿಗೆ ಹೇಳುವವರು ಯಾರು? ಮೇಲಿನ ಸಾಲೊಂದನ್ನು ಮುಟ್ಟಿದರೆ ತೂಬು ಮತ್ತೆ ಮೊದಲಿನಿಂದ ಓದುತ್ತಿತ್ತು. ಹಾಗಾಗಿ ಮೊದಲ ಸಾಲಿನ ಕೆಳಗೆಯೇ “ಮುಚ್ಚು” ಎಂದು ಬರೆದ. ತೂಬು ವಿಧೇಯವಾಗಿ ಮುಚ್ಚಿ, ಮುಂದಿನ ಸಾಲಿಗೆ ಹೋಗಿ, ಮತ್ತೆ ತೆರೆಯಿತು. ನಲವತ್ತು ಜನ ಹಗ್ಗ ಹಾಕಿ ಎಳೆದರು. ಆ ಕಲ್ಲು ಬರಹಕ್ಕಲ್ಲದೆ ತೋಳಿಗೆ ಮಣಿಯುವಂಥದ್ದಲ್ಲ. ಕಾಲುವೆಯ ನೀರು ತೊಟ್ಟಿಗಳನ್ನು ದಾಟಿ, ಬಾಳವ್ವನ ಬಯಲನ್ನು ದಾಟಿ, ಆಪು ಹುಲ್ಲಿನ ಪೊದೆಗಳ ತಗ್ಗಿಗೆ ಸೇರುತ್ತಲೇ ಇತ್ತು. ಮುಂದೆ ಚೈತ್ರ, ವೈಶಾಖ. ಕೆರೆ ಬತ್ತಿದರೆ ಬಣ್ಣವೂ ಇಲ್ಲ, ಕುಡಿಯಲೂ ಇಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಹಾಲವ್ವ ಯಾರನ್ನೂ ಕೇಳದೆ ತಂಗವ್ವನ ಮನೆಗೆ ಹೋದರು. ತಂಗವ್ವ ಹಿಟ್ಟಿನ ಕೈಯಲ್ಲೇ ಹೊರಬಂದು, ಮಾವ ಕಳಿಸಿದರೋ ನೀನೇ ಬಂದೆಯೋ ಎಂದು ಕೇಳಿದಳು. ಹಾಲವ್ವ ನೆಲ ನೋಡಿದರು. ತಂಗವ್ವ ಕೈ ತೊಳೆದು ತಂಬಿಗೆ ಎತ್ತಿಕೊಂಡಳು.

ಕೆರೆಯ ಏರಿಯ ಮೇಲೆ ಊರೆಲ್ಲ ಸೇರಿತ್ತು. ತಂಗವ್ವ ತಂಬಿಗೆಯನ್ನಿಟ್ಟು ಕಡತವನ್ನು ಓದುತ್ತ ಹೋದಳು. ಬಾಳವ್ವನ ಹೆಸರಿನ ಸಾಲನ್ನೂ ಓದಿದಳು. ಮುದುಕಿ ಊರು ಬಿಟ್ಟದ್ದು ಅವಳಿಗೆ ಗೊತ್ತಿತ್ತು, ತೊಟ್ಟಿ ಗೋಡೆಯಾದದ್ದು ಅವಳಿಗಾಗಲಿ ಗುರುಪಾದಪ್ಪನಿಗಾಗಲಿ ಗೊತ್ತಿರಲಿಲ್ಲ. ಅಲ್ಲಿ ನಿಂತಿದ್ದ ಗೋಡೆ ಕಟ್ಟಿದವರಿಗೆ ಕಡತದಲ್ಲಿ ಏನಿದೆಯೆಂದು ತಿಳಿಯದು. ನೂರ ಹನ್ನೆರಡೂ ಮುಗಿದವು, ಮೇಲೆ ಅವನು ಹೊಸದಾಗಿ ಸೇರಿಸಿದವೂ ಮುಗಿದವು. ಅವಳು ಕಡತವನ್ನು ಬಿಟ್ಟು ಗುರುಪಾದಪ್ಪನ ಕಡೆ ತಿರುಗಿದಳು.

“ಎಲ್ಲಾ ಸಾಲೂ ನಿಮ್ಮಂಗ ನೆಟ್ಟಗ ನಿಂತಾವ. ಇದರಾಗ ಯಾವುದು ಕೆಟ್ಟೈತಿ ಅಂತ ತೂಬ ಹೇಳಬೇಕು. ಬಾಯಿ ಕಟ್ಟಿದ ಕೂಸಿನ ಹೊಟ್ಟಿನೋವು ನಾ ಹೆಂಗ ಹೇಳಲಿ? ಆ ಮೊದಲಿನ ಸಾಲು ಅಳಸ್ರಿ.”

“ಅಳಸಿದ್ರ ಮೂರನೇದು ಆಗ್ತೈತಿ.”

“ಆಗ್ತೈತಿ” ಎಂದಳು ತಂಗವ್ವ.

ಈರಸಂಗಪ್ಪ ಜನರ ಹಿಂದೆ ನಿಂತಿದ್ದ. ಅವನ ಕಡತದ ನೆತ್ತಿಯಲ್ಲೂ ಅದೇ ಸಾಲು ಇತ್ತು. ಗುರುಪಾದಪ್ಪನಿಗೆ ಆಗಲೇ ದೂರದ ದೃಷ್ಟಿ ಮಂದವಾಗಿತ್ತು. ಅವನು ಕೆರೆಯ ಕಡೆ ಮುಖ ಮಾಡಿ ಸೊಸೆಯನ್ನು ಕರೆದ.

“ಹಾಲವ್ವ, ಎಷ್ಟು ಮೆಟ್ಟಲ ಕಾಣ್ತಾವ?”

“ಇಪ್ಪತ್ತಾರ್ರೀ, ಮಾವಾರ.”

ಕೆರೆಗೆ ಇಳಿಯುವ ಮೆಟ್ಟಿಲುಗಳು ಒಟ್ಟು ಮೂವತ್ತು. ಅವನು, “ಸೊನ್ನೆ ಹಿಡದೋ, ಬಿಟ್ಟೋ?” ಎಂದು ಕೇಳಿದ. ಆ ಹೊತ್ತಿನಲ್ಲೂ ಏರಿಯ ಮೇಲೆ ಯಾರೋ ನಕ್ಕರಂತೆ. ಅವನು ನಗುತ್ತಿರಲಿಲ್ಲ. ಒಂದು ಮೆಟ್ಟಿಲಿನ ನೀರು ಎಂದರೆ ಓಣಿಗೆ ಹತ್ತು ದಿನ. ಅವನಿಗೆ ಸರಿಯಾದ ಎಣಿಕೆ ಬೇಕಿತ್ತು. ಸೊನ್ನೆ ಹಿಡಿದೇ ಎಣಿಸಿದ್ದಾಗಿ, ಕೆಳಗಿನ ಮೆಟ್ಟಿಲು ಈಗಷ್ಟೇ ಹೊರಬಂದಿರುವುದಾಗಿ ಹಾಲವ್ವ ಹೇಳಿದರು. ನೀರಿನಲ್ಲಿ ಉಳಿದದ್ದು ಮೂರೇ. ಗುರುಪಾದಪ್ಪ ಬಗ್ಗಿ, ಅಂಗೈಯನ್ನು ಕಾಲುವೆಯ ನೀರಿನಲ್ಲಿ ಅದ್ದಿ, ಮೊದಲ ಸಾಲನ್ನು ಎಡದಿಂದ ಬಲಕ್ಕೆ ಒರೆಸಿದ.

ತೂಬು ಮುಚ್ಚಿತು, ತೆರೆಯಿತು, ಒಂದೊಂದಾಗಿ ಸಾಲುಗಳನ್ನು ದಾಟಿತು. ಆಮೇಲೆ ಆ ದನಿ ಬಂತು. ಕಲ್ಲನ್ನು ನೀರಿನೊಳಗೆ ಎಳೆದಂಥ ಆ ದನಿಯನ್ನು ಊರು ಎಂಟು ತಿಂಗಳಿಂದ ಕೇಳಿರಲಿಲ್ಲ.

“ಗುರುಪಾದಪ್ಪನ ಕಡತ. ಮೂವತ್ತೆಂಟನೆಯ ಸಾಲಿನಲ್ಲಿ ನಿಂತಿದ್ದೇನೆ. ಬಾಳವ್ವನ ತೊಟ್ಟಿ ತುಂಬಿದೊಡನೆ ಮುಚ್ಚು ಎಂದಿದೆ. ಬಾಳವ್ವನ ತೊಟ್ಟಿ ಸಿಗುತ್ತಿಲ್ಲ. ಹನ್ನೊಂದು ದಿನದಿಂದ ಹುಡುಕುತ್ತಿದ್ದೇನೆ.”

ಗೋಡೆ ಕಟ್ಟಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೊಟ್ಟಿ ಇಲ್ಲವೆಂದು ಓಣಿಯ ಆ ತುದಿಗೆ ಗೊತ್ತಿತ್ತು, ತೂಬಿಗೂ ಗೊತ್ತಿತ್ತು; ಹೇಳಬೇಡ ಎಂದದ್ದಕ್ಕೆ ಅದು ಹೇಳದೆ ನಿಂತಿತ್ತು. ಗುರುಪಾದಪ್ಪ ಬಾಳವ್ವನ ಹೆಸರನ್ನು ಅಳಿಸಿ, ಕಾಲುವೆಯಲ್ಲಿ ಕಟ್ಟಕಡೆಗೆ ಇರುವ ತೊಟ್ಟಿ, ಅದು ಯಾರದೇ ಆಗಿರಲಿ, ಎಂದು ಬರೆದ. ತೂಬು ಒಮ್ಮೆ ಮುಚ್ಚಿ, ಮುಂದೆ ಸರಿದು, ಐವತ್ತನೆಯ ಸಾಲಿನಲ್ಲಿ ಮತ್ತೆ ನಿಂತು ಮತ್ತೆ ಅವನ ಹೆಸರು ಹೇಳಿತು. ಎಂಟು ತಿಂಗಳಲ್ಲಿ ಅವನು ಸೇರಿಸಿದ ಸಾಲುಗಳ ತೊಡಕುಗಳೆಲ್ಲ ಒಂದರ ಹಿಂದೊಂದು ಸರದಿಯಲ್ಲಿ ಕಾದಿದ್ದವು. ಒಂದನ್ನು ಬಿಡಿಸಿದ ಮೇಲೆಯೇ ಇನ್ನೊಂದು ಕಾಣುತ್ತಿತ್ತು. ತಂಗವ್ವ ಕೇಳುವಳು, ಅವನು ಅಳಿಸುವನು, ತೂಬು ಹೇಳುವುದು. ಹೊತ್ತು ನೆತ್ತಿಗೇರುವಷ್ಟರಲ್ಲಿ ಏಳು ತಕರಾರು ಆದವು. ಮೊದಲ ಎರಡು ಸಲ ಅವನು ಹೆಸರು ಕೇಳಿ ಕುಗ್ಗಿದ; ಆಮೇಲೆ ಕಿವಿಗೊಟ್ಟು ಕೂತ; ಏಳನೆಯ ಸಲ ತೂಬಿನ ಮಾತು ಮುಗಿಯುವ ಮೊದಲೇ ಸಾಲನ್ನು ತೋರಿಸಿದ. ಎಂಟನೆಯದು ಬರಲಿಲ್ಲ. ನಡುವಿನ ಸಾಲುಗಳಿಗೆ ಮತ್ತೆ ತೆರೆದಿದ್ದ ಕಲ್ಲು ಕಲ್ಲಿಗೆ ಕೂಡಿ ನೀರು ನಿಂತಿತು.

ಗುರುಪಾದಪ್ಪ ಬಳಪವನ್ನು ತಂಗವ್ವನ ಕೈಯಲ್ಲಿಟ್ಟ. ಯಾರಿಗೆ ಕೊಡಬೇಕೆಂದು ಕಟ್ಟಳೆ ಹೇಳಿರಲಿಲ್ಲ. ಚಾವಡಿಯ ಹಿರಿಯರನ್ನೂ ಅವನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಊರು ಎದ್ದದ್ದು ಗದ್ದಲಕ್ಕೆ. ಉಳಿದ ಹದಿಮೂರು ಬಳಪದವರು, ಒಬ್ಬರಿಗೊಬ್ಬರು ಹೇಳದೆ, ತಮ್ಮ ತಮ್ಮ ಮೊದಲ ಸಾಲನ್ನು ಒರೆಸಿ ಬಂದಿದ್ದರು. ಈರಸಂಗಪ್ಪನ ಗಂಟೆ ಎರಡನೆಯ ಸಾಲಿನಲ್ಲಿ ನಿಂತಿತ್ತು. ಸಿಂಪಿಗರ ಬೀದಿಯ ದೀಪಗಳು ಯಾಕೆ ಹೊತ್ತುತ್ತಿಲ್ಲವೆಂದು ತಾವೇ ಹೇಳಿದವು. ಸಂತೆಯ ತಕ್ಕಡಿ, ಗಾಣ, ಊರಬಾಗಿಲು ಒಂದರ ಮೇಲೊಂದು ದನಿಯೆತ್ತಿದವು. ಜನ ಕೆಲಸ ಬಿಟ್ಟು ಬೀದಿಗೆ ಬಂದು, ಇದು ಇಂಥವರ ಗಾಣ, ಅದು ಇಂಥವರ ತಕ್ಕಡಿ ಎಂದು ದನಿ ಗುರುತಿಸುತ್ತ ನಿಂತರಂತೆ. ಅದನ್ನು ಹೇಳುವಾಗ ಹಾಲವ್ವನವರು ಕಣ್ಣು ಮುಚ್ಚಿಕೊಂಡಿದ್ದರು. “ಅಷ್ಟು ಮಂದಿ ತಪ್ಪು ಒಮ್ಮಿಗೇ ಕೇಳಿದ್ದು ಅದ ಮೊದಲು,” ಎಂದರು. “ಎಷ್ಟು ಚಂದ ಕೇಳಸ್ತಿತ್ತು ಅಂತೀರಿ.” ಮಧ್ಯಾಹ್ನದ ಹೊತ್ತಿಗೆ ಮೂರು ತಕರಾರು ದಾಟದ ಬಳಪದವನು ಊರಿನಲ್ಲಿ ಒಬ್ಬನೂ ಉಳಿಯಲಿಲ್ಲ. ಹಿರಿಯರು ಕಟ್ಟಳೆಯನ್ನು ಬಿಟ್ಟುಕೊಟ್ಟರು.

ಕುಂಬಾರರ ಓಣಿಯ ಪಾಠದಲ್ಲಿ, ಹಿರಿಯರು ಕೇಳಿಕೊಂಡ ಮೇಲೆ ಗುರುಪಾದಪ್ಪ ಬಳಪವನ್ನು ಮರಳಿ ಪಡೆದು ಇನ್ನೂ ಹತ್ತು ವರ್ಷ ಬರೆದನೆಂದಿದೆ. ಅದು ನಿಜವೇ ಎಂದು ನಾನು ಕೇಳಿದೆ. ಹಿರಿಯರು ಬಂದದ್ದು ನಿಜ, ತಂಗವ್ವ ಬಳಪವನ್ನು ಜಗಲಿಯ ಮೇಲೆ ಇಟ್ಟದ್ದೂ ನಿಜ ಎಂದರು ಹಾಲವ್ವ. ಮಾವ ಅದನ್ನು ಮುಟ್ಟಲಿಲ್ಲ. ತನಗೆ ಬರೆಯಲು ಬರುತ್ತದೆ, ಬರೆದದ್ದನ್ನು ಕೇಳಲು ಈಗ ಕಲಿಯುತ್ತಿದ್ದೇನೆ ಎಂದು ಹೇಳಿ ಹಿರಿಯರಿಗೆ ಎಲೆಯಡಿಕೆ ಕೊಟ್ಟು ಕಳಿಸಿದ. ಅಂದಿನಿಂದ ಸಾಯುವ ತನಕ ಪ್ರತಿ ಬೆಳಿಗ್ಗೆ ಕೆರೆಗೆ ಹೋಗಿ ತಂಗವ್ವನ ಎದುರು ಕೂರುತ್ತಿದ್ದ. ಅವಳು ಹೊಸ ಸಾಲುಗಳನ್ನು ತಂಬಿಗೆಗೆ ಬದಲು ಅವನಿಗೆ ಓದಿ ಹೇಳುತ್ತಿದ್ದಳು. ತಿಳಿದಿದ್ದರೂ ಅವನು ತಿಳಿಯದವನಂತೆ, ಅದು ಎಂದರೆ ಯಾವುದು, ಅಲ್ಲಿ ಎಂದರೆ ಎಲ್ಲಿ ಎಂದು ಕೇಳುತ್ತಿದ್ದ. ಅವನು ತೀರಿಕೊಂಡಾಗ ಮೈ ತೊಳೆಯಲು ನೀರು ಹಾಕಿದವರು ಹಾಲವ್ವನವರೇ. ಬೆರಳುಗಳ ಗೆರೆಗಳಲ್ಲಿ ಬಿಳುಪು ಇರಲಿಲ್ಲವಂತೆ; ಎಂದು ಹೋಯಿತೆಂದು ಅವರು ಗಮನಿಸಿರಲಿಲ್ಲ.

ಆಮೇಲೆ ವಸ್ತುಗಳ ಮಾತು ಹೇಗೆ ನಿಂತಿತು, ಕಬ್ಬಿಣದ ಚಕ್ರ ಹೇಗೆ ಬಂತು ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಹಾಲವ್ವ ಕಾಲು ಚಾಚಿ ಮೊಣಕಾಲು ನೀವಿಕೊಳ್ಳತೊಡಗಿದ್ದರು. ಹಿತ್ತಲಿನ ಬಿಸಿಲು ಗೋಡೆಯ ಅರ್ಧಕ್ಕೆ ಏರಿತ್ತು. ಮಡಚಿದ ಸೀರೆಗಳನ್ನು ಹೆಂಗಸರು ಎಣಿಸಿ ಬುಟ್ಟಿಗೆ ತುಂಬಿದರು. ಒಬ್ಬಾಕೆ, ಗಂಡನಿಗೆ ಬೆಳಿಗ್ಗೆ ಹೇಳಬೇಕಾಗಿದ್ದ ಮಾತೊಂದು ಉಳಿದಿದೆ ಎಂದು ಪಕ್ಕದವಳಿಗೆ ಮೆಲ್ಲಗೆ ಹೇಳಿ, ಸೀರೆಯ ಅಂಚು ಕೊಡವಿಕೊಂಡು ಎದ್ದಳು. ಉಳಿದವರೂ ಬುಟ್ಟಿಗಳನ್ನು ಸೊಂಟಕ್ಕೇರಿಸಿಕೊಂಡು ಒಬ್ಬೊಬ್ಬರಾಗಿ ಹಿತ್ತಲ ಬಾಗಿಲು ದಾಟಿ ಮನೆಗಳಿಗೆ ಹೋದರು.